ಬೇಸಿಗೆ ರಜೆಗೆ ಕ್ಯಾರವಾನ್: ದಾರಿಯಲ್ಲಿ ತೂಕ, ತಂಗಿದಲ್ಲಿ ಬಿಸಿಲು

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನಿನಲ್ಲಿ ಬೇಸಿಗೆ ಕಳೆಯುವವರನ್ನು ದಾರಿಯಲ್ಲಿ ಕಾಡುವುದು ತೂಕ, ತಂಗಿದ ಮೇಲೆ ಕಾಡುವುದು ಬಿಸಿಲು. ಇವೆರಡಕ್ಕೂ ಮೊದಲೇ ವ್ಯವಸ್ಥೆ ಮಾಡಿಕೊಂಡರೆ ಮನೆಮಂದಿ, ಜೊತೆಗೆ ಬಂದ ಸ್ನೇಹಿತರು ಎಲ್ಲರೂ ನಿಶ್ಚಿಂತೆಯಿಂದ ಸುತ್ತಾಡಬಹುದು. ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸಾಮಾನು ತುಂಬುವಾಗ ಭಾರದ್ದೆಲ್ಲ ಚಕ್ರಗಳನ್ನು ಜೋಡಿಸುವ ಅಚ್ಚಿನ, ಅಂದರೆ ಆಕ್ಸಲ್‌ನ ನೇರಕ್ಕೆ, ನೆಲಕ್ಕೆ ಇಡುತ್ತೇನೆ. ಡೇರೆಯ ಚೀಲ, ಉಪಕರಣದ ಪೆಟ್ಟಿಗೆ, ಡಬ್ಬಿಗಳು ಅಲ್ಲಿಗೆ. ಬಟ್ಟೆಬರೆ ಅದರ ಆಚೀಚೆ. ಮೇಲಿನ ಕಪಾಟಿಗೆ ಟವೆಲು, ಪ್ಲಾಸ್ಟಿಕ್ ತಟ್ಟೆಯಂಥ ಹಗುರದ್ದು ಮಾತ್ರ. ಹಿಂಬದಿಯಲ್ಲಿ ಸೈಕಲ್ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ನಾಲ್ಕು ಸೈಕಲ್ ಎಂದರೆ ಸುಮಾರು 60 ಕಿಲೋ. ಅಷ್ಟು ಭಾರ ಆಕ್ಸಲ್‌ನಿಂದ ದೂರ, ತೀರಾ ಹಿಂದೆ ನೇತಾಡಿದರೆ ಕಾರಿಗೆ ಸಿಕ್ಕಿಸುವ ಮುಂದಿನ ಕೊಂಡಿ ಮೇಲಕ್ಕೆತ್ತುತ್ತದೆ, ಗಾಡಿ ಓಲಾಡತೊಡಗುತ್ತದೆ. ಸೈಕಲ್ ಬೇಕೇ ಬೇಕೆಂದರೆ ಕಾರಿನ ಛಾವಣಿಯೇ ಸರಿ.

ಕೊಂಡಿಯ ಮೇಲೆ ಬೀಳುವ ಭಾರವನ್ನು ಅಂದಾಜಿಗೆ ಬಿಡಬಾರದು, ಅಳೆಯಲೇಬೇಕು. ಯುರೋಪಿನ ಮಾದರಿಯ ಕ್ಯಾರವಾನ್‌ಗೆ ತುಂಬಿದ ತೂಕದ ಶೇ. 5ರಿಂದ 7 ಇರಲಿ ಎನ್ನುತ್ತಾರೆ. ಅಂದರೆ 1,200 ಕಿಲೋ ಗಾಡಿಗೆ 60ರಿಂದ 84 ಕಿಲೋ. ಅಮೆರಿಕದ ಮಾದರಿಗಳಿಗೆ ಶೇ. 10ರಿಂದ 15. ಕಾರಿಗೂ ಅದರ ಹಿಂದೆ ಕೊಂಡಿ ಸಿಕ್ಕಿಸುವ ಟೋ ಬಾರ್‌ಗೂ ಅವುಗಳದೇ ಮಿತಿ ಇರುತ್ತದೆ. ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಅಳೆಯಲು ತೂಕ ನೋಡುವ ಮನೆಯ ಯಂತ್ರವೇ ಸಾಕು. ಸಮತಟ್ಟಾದ ನೆಲದಲ್ಲಿ ಕ್ಯಾರವಾನ್ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಿ. ಯಂತ್ರದ ಮೇಲೆ ಒಂದು ಹಲಗೆ, ಅದರ ಮೇಲೆ ಕೊಂಡಿಯ ಕೆಳಗೆ ಸರಿಯಾಗಿ ನಿಲ್ಲುವ ಗಟ್ಟಿ ಮರದ ತುಂಡು ಇಡಿ. ಕಾರಿನ ಟೋ ಬಾಲ್ (ಕೊಂಡಿ ಕೂರುವ ಗುಂಡು) ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಕೊಂಡಿ ನಿಲ್ಲುವಂತೆ ತುಂಡನ್ನು ಕತ್ತರಿಸಿಕೊಂಡಿರಬೇಕು. ಮುಂದಿನ ಪುಟ್ಟ ಚಕ್ರವನ್ನು ನಿಧಾನವಾಗಿ ಮೇಲೆತ್ತಿದರೆ ಭಾರವೆಲ್ಲ ಯಂತ್ರಕ್ಕೆ ಬರುತ್ತದೆ. ಮುಳ್ಳು ತೋರಿಸಿದ್ದೇ ಲೆಕ್ಕ (ಹಲಗೆ, ತುಂಡುಗಳ ತೂಕ ಕಳೆಯಬೇಕು). ಕಡಿಮೆ ಬಂದರೆ ಒಂದೆರಡು ಭಾರದ ವಸ್ತುವನ್ನು ಮುಂದಕ್ಕೆ ಸರಿಸಿ ಮತ್ತೆ ನೋಡುತ್ತೇನೆ.

ಇಷ್ಟಾದರೂ ಇಳಿಜಾರಿನಲ್ಲೋ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೋ ಗಾಡಿ ಹಾವಿನ ಹಾಗೆ ಹರಿದಾಡಬಹುದು. ಆಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೇರಿಂಗ್ ನೇರ ಹಿಡಿದು, ವೇಗ ತಾನಾಗಿಯೇ ಇಳಿಯಲು ಬಿಡಬೇಕು. ಜೋರಾಗಿ ಬ್ರೇಕ್ ಒತ್ತುವುದೂ ಓಲಾಟಕ್ಕೆ ಎದುರಾಗಿ ಸ್ಟೇರಿಂಗ್ ತಿರುಗಿಸುವುದೂ ಅಪಾಯ.

ಕ್ಯಾರವಾನ್ ಟೈರು ಸವೆಯುವುದಕ್ಕಿಂತ ಮೊದಲೇ ಮುದಿಯಾಗುತ್ತದೆ, ವರ್ಷದ ಬಹುಪಾಲು ನಿಂತೇ ಇರುತ್ತದಲ್ಲ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಬೇಸಿಗೆಯ ದೂರದ ಪ್ರಯಾಣಕ್ಕೆ ನಾನು ನಂಬುವುದಿಲ್ಲ. ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಬೇಕು. ಚಕ್ರ ಬಿಚ್ಚಿ ಹಾಕಿದ್ದರೆ ಸುಮಾರು 50 ಕಿ.ಮೀ. ಹೋದ ಮೇಲೆ ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ. ಗ್ಯಾಸ್ ಸಿಲಿಂಡರನ್ನು ದಾರಿಯುದ್ದಕ್ಕೂ ಮುಚ್ಚಿರಬೇಕು.

ತಂಗುವ ಜಾಗದಲ್ಲಿ ಮೊದಲು ನೋಡುವುದು ಮಧ್ಯಾಹ್ನದ ನಂತರ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂಬುದನ್ನು. ಫ್ರಿಜ್‌ನ ಗಾಳಿಕಿಂಡಿ ಇರುವ ಗೋಡೆ ಪಡುವಣಕ್ಕೆ ಮುಖ ಮಾಡಬಾರದು. ಎಷ್ಟೋ ಕ್ಯಾರವಾನ್‌ಗಳ ಫ್ರಿಜ್‌ಗೆ ಕಂಪ್ರೆಸರ್ ಇರುವುದಿಲ್ಲ. ಅಮೋನಿಯ ಮತ್ತು ನೀರನ್ನು ಕಾಯಿಸಿ ಹರಿಸಿಯೇ ತಂಪು ಮಾಡುತ್ತದೆ. ಅದರ ದ್ರವ ತನ್ನ ಭಾರದಿಂದಲೇ ಕೆಳಗಿಳಿಯಬೇಕಾದ್ದರಿಂದ ಗಾಡಿ ಓರೆಯಾಗಿ ನಿಂತರೆ ಕೆಲಸ ಕೆಡುತ್ತದೆ. ಹೊರಗಿನ ಶಾಖಕ್ಕಿಂತ ಇಪ್ಪತ್ತು–ಇಪ್ಪತ್ತೈದು ಡಿಗ್ರಿ ಕಡಿಮೆ ಮಾಡುವುದೇ ಅದರ ಶಕ್ತಿ. ಹೊರಗೆ 38 ಡಿಗ್ರಿ ಇದ್ದರೆ ಒಳಗೆ ಹಾಲು ಉಳಿಯುವುದು ಅನುಮಾನ. ಅದಕ್ಕೇ ಹಿಂದಿನ ದಿನವೇ ಕರೆಂಟಿನಲ್ಲಿ ಓಡಿಸಿ, ಮನೆಯ ಫ್ರಿಜ್‌ನಲ್ಲಿ ತಣ್ಣಗಾದ ಪದಾರ್ಥಗಳನ್ನೇ ಅದಕ್ಕೆ ತುಂಬುತ್ತೇನೆ. ದಾರಿಯಲ್ಲಿ ಕಾರಿನಿಂದ ಬರುವ 12 ವೋಲ್ಟ್ ಕರೆಂಟು ಇದ್ದ ತಂಪನ್ನು ಕಾಯುತ್ತದೆಯೇ ಹೊರತು ಹೊಸದಾಗಿ ತಂಪು ಮಾಡುವುದಿಲ್ಲ.

ಮಟ್ಟ ಮಾಡುವ ಕ್ರಮ ಹೀಗೆ: ಕಾರಿನಿಂದ ಬಿಚ್ಚುವ ಮೊದಲೇ ತಗ್ಗಿನ ಕಡೆಯ ಚಕ್ರವನ್ನು ಇಳಿಜಾರು ಹಲಗೆ ಹತ್ತಿಸಿ ಎಡಬಲ ಸರಿಮಾಡುವುದು. ಹ್ಯಾಂಡ್ ಬ್ರೇಕ್ ಎಳೆದು ಬಿಚ್ಚಿದ ಮೇಲೆ ಮುಂದಿನ ಪುಟ್ಟ ಚಕ್ರದಿಂದ ಹಿಂದುಮುಂದು ಸರಿಮಾಡುವುದು. ಒಳಗೆ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿ, ಕೊನೆಗೆ ನಾಲ್ಕು ಮೂಲೆಯ ಕಾಲುಗಳನ್ನು ನೆಲಕ್ಕೆ ತಾಗಿಸುವುದು. ಆ ಕಾಲುಗಳು ಅಲುಗಾಟ ತಡೆಯಲು ಇರುವವು, ಜ್ಯಾಕ್ ಅಲ್ಲ. ಅವುಗಳಿಂದ ಗಾಡಿ ಎತ್ತಲು ಹೋದರೆ ಕಾಲು ಬಾಗುತ್ತದೆ, ತಳದ ಹಲಗೆ ಬಿರುಕು ಬಿಡುತ್ತದೆ.

ಕರೆಂಟಿನ ಕೇಬಲ್ಲನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಬೇಕು. ಸುರುಳಿಯಲ್ಲಿ ಶಾಖ ಹೊರಹೋಗದೆ ಹೊದಿಕೆ ಕರಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಮೊದಲು ಕ್ಯಾರವಾನ್‌ಗೆ, ಆಮೇಲೆ ತಂಗುವ ಜಾಗದಲ್ಲಿ ಕರೆಂಟು ಕೊಡುವ ಪ್ಲಗ್ ಕಂಬಕ್ಕೆ ಸಿಕ್ಕಿಸಿ, ಬಿಚ್ಚುವಾಗ ತಿರುಗುಮುರುಗು. ಕಂಬದಲ್ಲಿ 10 ಆಂಪಿಯರ್ ಇದ್ದರೆ 230 ವೋಲ್ಟಿಗೆ ಸಿಗುವುದು 2,300 ವಾಟ್. ನೀರು ಕಾಯಿಸುವ 2,000 ವಾಟಿನ ಕೆಟಲ್ ಜೊತೆ ಕೂಲರ್ ಹಾಕಿದರೆ ಟ್ರಿಪ್ ಆಗಬಹುದು. ಮುಂದಿನ ಕಿಟಕಿಗೆ ಬೆಳ್ಳಿಬಣ್ಣದ ಪರದೆಯನ್ನು ಹೊರಗಿನಿಂದ ಹೊದಿಸಿ. ಒಳಗಿನ ಪರದೆ ತಡೆಯುವ ಹೊತ್ತಿಗೆ ಶಾಖ ಒಳಗೆ ಬಂದಾಗಿರುತ್ತದೆ.

ಸ್ನೇಹಿತರ ಕ್ಯಾರವಾನ್ ಪಕ್ಕದಲ್ಲೇ ಇರಲಿ ಎಂಬ ಆಸೆ ಸಹಜ. ಆದರೂ ನಡುವೆ 6 ಮೀಟರ್ ಬಿಡಿ, ಬೆಂಕಿ ಹಾರದಿರಲು. ಆ ಖಾಲಿ ಜಾಗದಲ್ಲಿ ಟಾರ್ಪಾಲು ಕಟ್ಟಿದರೆ ಎರಡೂ ಮನೆಗೆ ಒಂದೇ ಕೂಡುಜಗಲಿ ಆಗುತ್ತದೆ, ಸಂಜೆ ಎಲ್ಲರೂ ಅಲ್ಲೇ ಸೇರುತ್ತಾರೆ. ಇದ್ದಿಲ ಒಲೆಯನ್ನು ಮಾತ್ರ ಟಾರ್ಪಾಲಿನಿಂದ ದೂರ, ಪೂರ್ತಿ ಬಯಲಲ್ಲಿ ಹಚ್ಚಬೇಕು. ಆರಿದಂತೆ ಕಂಡರೂ ಅದನ್ನು ಡೇರೆಯೊಳಗೆ ತರಬೇಡಿ. ಬೂದಿ ಮುಚ್ಚಿದ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ. ನೆಲದಲ್ಲಿರುವ ಗಾಳಿಕಿಂಡಿಗಳನ್ನು ಇರುವೆ ಬರುತ್ತದೆಂದು ಮುಚ್ಚುವವರಿದ್ದಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಹೊರಹೋಗಲು ಅದೇ ದಾರಿ.

ಸುತ್ತಾಟಕ್ಕೆ ಮುಕ್ಕಾಲು ಗಂಟೆಯ ಹಾದಿಯೊಳಗಿನ ಊರು, ಕೆರೆ, ಸಂಗ್ರಹಾಲಯಗಳೇ ಮೇಲು. ಒಂದು ದಿನ ಹೊರಗೆ, ಮರುದಿನ ಬಿಡುವು ಎಂದಿಟ್ಟುಕೊಂಡರೆ ಮಕ್ಕಳೂ ಹಿರಿಯರೂ ಸುಸ್ತಾಗುವುದಿಲ್ಲ. ಕ್ಯಾರವಾನ್ ಅತಿ ಹೆಚ್ಚು ಕಾಯುವುದು ಮಧ್ಯಾಹ್ನ ಎರಡರಿಂದ ಐದರವರೆಗೆ. ಆ ಹೊತ್ತು ನೀರಿನ ಬಳಿಯೋ ಕಟ್ಟಡದೊಳಗೋ ಇರುವಂತೆ ನೋಡಿಕೊಳ್ಳುತ್ತೇನೆ. ಮಗುವನ್ನಾಗಲಿ ನಾಯಿಯನ್ನಾಗಲಿ ಮುಚ್ಚಿದ ಗಾಡಿಯಲ್ಲಿ ಐದು ನಿಮಿಷವೂ ಬಿಡುವ ಮಾತಿಲ್ಲ.

ಸುತ್ತಾಟಕ್ಕೆ ಹೊರಡುವಾಗ ಗ್ಯಾಸ್ ಬಂದ್, ಬಿಸಿಲಿಗಾಗಿ ಚಾಚಿದ ಮೇಲ್ಪರದೆ ಸುತ್ತಿ ಒಳಕ್ಕೆ, ನೀರಿನ ಪಂಪಿನ ಸ್ವಿಚ್ ಆಫ್. ಪಂಪನ್ನು ಹಾಗೇ ಬಿಟ್ಟರೆ, ಎಲ್ಲೋ ಒಂದು ಪೈಪು ಜಾರಿದರೂ 40 ಲೀಟರ್ ಡ್ರಮ್ಮು ಖಾಲಿಯಾಗುವವರೆಗೂ ಅದು ಓಡುತ್ತಲೇ ಇರುತ್ತದೆ, ಸಂಜೆ ಬಂದಾಗ ಹಾಸಿಗೆಯ ಕೆಳಗೆಲ್ಲ ನೀರು. ಶೌಚದ ತೊಟ್ಟಿ ತುಂಬುವವರೆಗೆ ಕಾಯದೆ ಎರಡು ದಿನಕ್ಕೊಮ್ಮೆ, ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ. ಸೆಕೆಗೆ ವಾಸನೆ ಬೇಗ ಏಳುತ್ತದೆ, ತುಂಬಿದ ತೊಟ್ಟಿ ಹೊರಲೂ ಕಷ್ಟ.

ವಾಪಸಾಗುವ ದಿನ ಗೀಸರಿನದೂ ಸೇರಿ ಒಳಗಿನ ನೀರನ್ನೆಲ್ಲ ಹರಿಸಿಬಿಡಿ, ಲೀಟರಿಗೆ ಒಂದು ಕಿಲೋ ತೂಕ. ಕೊಂಡಿಯ ಭಾರವನ್ನು ಇನ್ನೊಮ್ಮೆ ಅಳೆಯಿರಿ. ಬರುವಾಗ ಜೋಡಿಸಿದ ಜಾಗದಲ್ಲಿ ಹೋಗುವಾಗ ಯಾವ ಸಾಮಾನೂ ಇರುವುದಿಲ್ಲ.