ಬೆಟ್ಟದ ಚಿತ್ರ ನಕ್ಷೆಯಾಗುವವರೆಗೆ

“ತಮಾ, ನನ್ನ ಅಗಳ ಇಷ್ಟು ಸೊಟ್ಟ ಇಲ್ಲ” ಎಂದು ತೋಟದ ಯಜಮಾನರು ನಾನು ಹಾಸಿದ ಹಾಳೆಯ ಮೇಲೆ ಬೆರಳಿಟ್ಟರು. ಶಿರಸಿ ಸಮೀಪದ ಅವರ ಬೆಟ್ಟದಲ್ಲಿ ನೆಟ್ಟಗೆ ಇಳಿಯುವ ಅಗಳ, ಅಂದರೆ ಗಡಿಗೆ ತೋಡಿದ ಕಂದಕ, ನನ್ನ ಹಾಳೆಯಲ್ಲಿ ಬಿಲ್ಲಿನಂತೆ ಬಾಗಿತ್ತು. ಡ್ರೋನ್ ತೆಗೆದ ಚಿತ್ರಗಳನ್ನು ಅಂಚಿಗೆ ಅಂಚು ಕೂಡಿಸಿ, ಅದನ್ನೇ ನಕ್ಷೆ ಎಂದು ಒಯ್ದಿದ್ದೆ. ಅವರ ಮಾತೇ ಸರಿಯಾಗಿತ್ತು.

ತಪ್ಪಿನ ಮೂಲ ನೆಲದ ಏರಿಳಿತ. ಡ್ರೋನ್ ಹಾರಿದ್ದು ಅಂಗಳದಿಂದ 120 ಮೀಟರ್ ಮೇಲೆ. ಬೆಟ್ಟದ ನೆತ್ತಿ ಅಂಗಳಕ್ಕಿಂತ 40 ಮೀಟರ್ ಎತ್ತರ. ನೆತ್ತಿಯ ಮೇಲೆ ಬಂದಾಗ ಕ್ಯಾಮೆರಾಕ್ಕೂ ನೆಲಕ್ಕೂ ಉಳಿಯುವುದು 80 ಮೀಟರ್ ಮಾತ್ರ. ಹಾಗಾಗಿ ಅಲ್ಲಿನ ಉದ್ದ ಒಂದೂವರೆ ಪಟ್ಟು, ವಿಸ್ತೀರ್ಣ ಎರಡೂಕಾಲು ಪಟ್ಟು ಹಿಗ್ಗಿ ಕಾಣುತ್ತದೆ. ಜೊತೆಗೆ ಎತ್ತರದ್ದೆಲ್ಲ ಚಿತ್ರದ ನಡುವಿನಿಂದ ಹೊರಕ್ಕೆ ವಾಲುತ್ತದೆ. ಗುಂಟೆ ಗುಂಟೆಗೂ ಮನಸ್ತಾಪವಾಗುವ ಊರಿನಲ್ಲಿ ಇಂಥ ಹಾಳೆಯನ್ನು ಯಾರ ಕೈಗೂ ಕೊಡಬಾರದು.

ಮತ್ತೆ ಮೊದಲಿನಿಂದ ಹೊರಟೆ. ಹಿಂದಿನ ಸಲ ನೆಲದಲ್ಲಿ ಒಂದೂ ಗುರುತು ಇಟ್ಟಿರಲಿಲ್ಲ. ಈ ಸಲ ಕೆಂಪು ಮಣ್ಣಿನ ಮೇಲೆ ಸುಣ್ಣದಿಂದ ಕೂಡುವ ಚಿಹ್ನೆಯಂತೆ ಅಡ್ಡ-ಉದ್ದ ಗೆರೆ ಎಳೆದು ನೋಡಿದೆ. ಮಧ್ಯಾಹ್ನದ ಬಿಸಿಲಿಗೆ ಸುಣ್ಣ ಎಷ್ಟು ಹೊಳೆಯಿತೆಂದರೆ, ಚಿತ್ರದಲ್ಲಿ ಗೆರೆಗಳ ಅಂಚು ಕದಡಿ ನಡುಬಿಂದು ಯಾವುದೆಂದೇ ತಿಳಿಯಲಿಲ್ಲ. ಆಮೇಲೆ ಪ್ಲೈವುಡ್ ಹಲಗೆಗಳಿಗೆ ಚದುರಂಗದ ಮನೆಗಳಂತೆ ಕಪ್ಪು ಬಿಳಿ ಬಣ್ಣ ಬಳಿದೆ. ನಾಲ್ಕು ಮೂಲೆ ಸೇರುವ ಬಿಂದು ಸೂಜಿಮೊನೆಯಂತೆ ಸಿಕ್ಕಿತು. ಇಂಥ 13 ಹಲಗೆಗಳನ್ನು ಅಂಗಳದಲ್ಲಿ, ಗದ್ದೆಯ ತಳದಲ್ಲಿ, ಬೆಟ್ಟದ ಇಳಿಜಾರಿನಲ್ಲಿ, ನೆತ್ತಿಯಲ್ಲಿ ಹರಡಿ, ಒಂದೊಂದರ ಸ್ಥಾನವನ್ನೂ ಎತ್ತರವನ್ನೂ ಉಪಗ್ರಹ ರಿಸೀವರ್‌ನಿಂದ ಅಳೆದೆ. ಎಲ್ಲವನ್ನೂ ರಸ್ತೆಯ ಬದಿಗೇ ಇಟ್ಟರೆ ಕೆಲಸ ಹಗುರ, ಆದರೆ ಕಣಿವೆ ಮತ್ತು ನೆತ್ತಿಯ ಎತ್ತರವನ್ನು ಕಟ್ಟಿಹಾಕುವ ಗುರುತೇ ಇಲ್ಲದಂತಾಗುತ್ತದೆ. ಒಂಬತ್ತನ್ನು, ಚಿತ್ರಗಳಿಂದ ನಕ್ಷೆ ಕಟ್ಟುವ ಸಾಫ್ಟ್‌ವೇರ್‌ಗೆ ಕೊಟ್ಟು, ನಾಲ್ಕನ್ನು ಪರೀಕ್ಷೆಗೆಂದು ಬಚ್ಚಿಟ್ಟುಕೊಂಡೆ.

ನಿಜವಾಗಿ ಬೆವರಿಳಿಸಿದ್ದು ಅಡಿಕೆ ತೋಟ. ಸಾಫ್ಟ್‌ವೇರ್‌ಗೆ ಮರದ ತಲೆಯೇ ನೆಲ. ಗಾಳಿಗೆ ಅಲುಗುವ ಸೋಗೆ ಒಂದು ಚಿತ್ರದಲ್ಲಿದ್ದಂತೆ ಮುಂದಿನದರಲ್ಲಿ ಇರುವುದಿಲ್ಲ. ಅದಕ್ಕೇ ಚಿತ್ರಗಳು ಒಂದರ ಮೇಲೊಂದು ಶೇಕಡಾ 80ರಷ್ಟು ಬರುವಂತೆ ಹಾರಿಸಿದೆ. ಆಮೇಲೆ ಚಿತ್ರಗಳಿಂದ ಲೆಕ್ಕ ಹಾಕಿ ಬಂದ ಎತ್ತರದ ಬಿಂದುಗಳಲ್ಲಿ ಮರದ ತಲೆಯವನ್ನು ತೆಗೆದುಹಾಕಿದೆ. ನೆರಳಿನಡಿಯ ನೆಲಕ್ಕೆ ಬೇರೆ ದಾರಿ ಇಲ್ಲ: ಸಾಲುಗಳ ನಡುವೆ ಟೋಟಲ್ ಸ್ಟೇಷನ್, ಅಂದರೆ ಕೋನ ಮತ್ತು ದೂರ ಅಳೆಯುವ ಸರ್ವೆ ಯಂತ್ರ, ನಿಲ್ಲಿಸಿ, ಕಾಲುವೆಯ ಗುಂಟ ಎತ್ತರ ಅಳೆಯುತ್ತ ಎರಡು ದಿನ ನಡೆದೆ. ಆ ನೆಲದ ಮಾದರಿಯನ್ನು ಆಧಾರವಾಗಿಟ್ಟುಕೊಂಡೇ ಸಾಫ್ಟ್‌ವೇರ್ ಚಿತ್ರದ ಪ್ರತಿ ಚುಕ್ಕೆಯನ್ನೂ ಅದರ ಜಾಗಕ್ಕೆ ಸರಿಸಿತು.

ಬಚ್ಚಿಟ್ಟ ನಾಲ್ಕು ಹಲಗೆಗಳಲ್ಲಿ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು 9 ಸೆಂಟಿಮೀಟರ್. ಹೊಸ ಹಾಳೆ ಒಯ್ದಾಗ ಯಜಮಾನರು ಅಡಿಕೆ ದಬ್ಬೆಯ ಸೀಳೊಂದನ್ನು ತಂದು ಅಗಳದ ಗೆರೆಗೆ ಹೊಂದಿಸಿದರು. ಕೆಳತುದಿಯಲ್ಲಿ ಗೆರೆ ತುಸು ಹೊರಳಿತ್ತು. ನನ್ನ ಎದೆ ಧಸಕ್ಕೆಂದಿತು.

“ಅದು ಸರಿ ಇದೆ. ಹೋದ ಮಳೆಗಾಲದಲ್ಲಿ ಅಲ್ಲಿ ಧರೆ ಕುಸಿಯಿತು” ಎಂದರು.