ಒಣಬೇಸಾಯದ ಹೊಲ ಮತ್ತು ಹುಲ್ಲಿನ ಕಾವಲುಗಳಲ್ಲಿ ಮಣ್ಣು ಉಳಿಸಿಕೊಳ್ಳುವ ವಿಧಾನ: 1940–60ರ ಅನುಭವದಿಂದ ಒಂದು ಕೈಪಿಡಿ

ಒಂದು ಎಕರೆ ಹೊಲದ ಮೇಲ್ಪದರದಲ್ಲಿ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿಹೋದರೆ ಅದರ ತೂಕ ಸುಮಾರು 5 ಟನ್ ಆಗುತ್ತದೆ. ಕಣ್ಣಿಗೆ ಕಾಣದ ಈ ನಷ್ಟವೇ ವರ್ಷವರ್ಷವೂ ಕೂಡಿಕೊಂಡು, ಒಂದು ಕಾಲಕ್ಕೆ ಜೋಳ ತುಂಬಿ ನಿಲ್ಲುತ್ತಿದ್ದ ಹೊಲಗಳನ್ನು ಗರಸು (ಕಲ್ಲು ಬೆರೆತ ಒರಟು ಕೆಳಪದರ) ಎದ್ದು ಕಾಣುವ ಬರಡು ನೆಲವಾಗಿಸಿತು. ಬಿಜಾಪುರ, ಧಾರವಾಡ, ಬಳ್ಳಾರಿ, ರಾಯಚೂರು ಸೀಮೆಯ ಒಣಬೇಸಾಯದ ನೆಲದಲ್ಲಿ ಈ ಸವಕಳಿಯನ್ನು ತಡೆಯುವ ವ್ಯವಸ್ಥಿತ ಪ್ರಯತ್ನ ನಡೆದದ್ದು ಕಳೆದ ಶತಮಾನದ ನಡುಭಾಗದಲ್ಲಿ. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ಹಗರಿ ಮತ್ತು ರಾಯಚೂರಿನಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಕೆಲಸ ಆರಂಭಿಸಿದ್ದವು. 1942ರಲ್ಲಿ ಮುಂಬಯಿ ಪ್ರಾಂತ್ಯದ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಂದ ಮೇಲೆ, ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. 1953ರಲ್ಲಿ ಕೇಂದ್ರ ಭೂಸಂರಕ್ಷಣಾ ಮಂಡಳಿ ರಚನೆಯಾಗಿ, ಮರುವರ್ಷ ಬಳ್ಳಾರಿಯಲ್ಲಿ ಎರೆಭೂಮಿಗೆಂದೇ (ಜಿಗುಟು ಕರಿಮಣ್ಣಿನ ನೆಲಕ್ಕೆಂದೇ) ಭೂಸಂರಕ್ಷಣಾ ಸಂಶೋಧನಾ ಕೇಂದ್ರ ತೆರೆಯಿತು.

ಆ ಕಾಲದ ಕೆಲಸ ಕೆಲವೆಡೆ ಇಂದಿಗೂ ನಿಂತಿದೆ, ಕೆಲವೆಡೆ ನಾಲ್ಕಾರು ಮಳೆಗಾಲದಲ್ಲೇ ಒಡೆದುಹೋಯಿತು. ಈ ವ್ಯತ್ಯಾಸಕ್ಕೆ ಕೂಲಿಯ ಪ್ರಾಮಾಣಿಕತೆಗಿಂತ ಮಿಗಿಲಾದ ಕಾರಣ ಮಣ್ಣಿನ ಸ್ವಭಾವ. ಮಸಾರಿಗೆ (ಕೆಂಪು ಮಣ್ಣಿನ ನೆಲಕ್ಕೆ) ಒಗ್ಗಿದ ಒಡ್ಡನ್ನೇ ಆಳವಾದ ಎರೆಗೂ ಹಾಕಿದ್ದರಿಂದ ಸೋಲಾಯಿತು. ಆದ್ದರಿಂದ ಸಲಿಕೆ ಕೈಗೆತ್ತಿಕೊಳ್ಳುವ ಮೊದಲು ಹೊಲದಲ್ಲಿ ಎರಡು ಮೂರು ಕಡೆ ಮೂರಡಿ ಆಳದ ಗುಂಡಿ ತೋಡಿ ನೋಡಬೇಕು. ಒಂದಡಿ, ಒಂದೂವರೆ ಅಡಿಗೆ ಗರಸು ಸಿಕ್ಕರೆ, ಅಥವಾ ಗುಂಡಿಗೆ ಸುರಿದ ಎರಡು ಕೊಡ ನೀರು ಬೇಗ ಇಂಗಿಹೋದರೆ, ಅದು ನೀರನ್ನು ತಡೆದು ನಿಲ್ಲಿಸಬಹುದಾದ ನೆಲ. ಮೂರಡಿ ಕೆಳಗೂ ಜಿಗುಟು ಕರಿಮಣ್ಣೇ ಇದ್ದು, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲದ ಬಿರುಕು ಬಿಡುವ ಹೊಲವಾದರೆ, ಅಲ್ಲಿ ನೀರನ್ನು ನಿಲ್ಲಿಸದೆ ನಿಧಾನವಾಗಿ ಸಾಗಿಸಬೇಕು.

ಎರಡನೆಯ ಪರೀಕ್ಷೆ ಇಳಿಜಾರಿನದು. ನೂರಡಿ ದೂರಕ್ಕೆ ನೆಲ ಎಷ್ಟು ಅಡಿ ಇಳಿಯುತ್ತದೆಯೋ ಅದೇ ಶೇಕಡಾ ಇಳಿಜಾರು. ಇದನ್ನು ಅಳೆಯಲು ಇಲಾಖೆಯ ಓವರ್‌ಸಿಯರರು ಡಂಪಿ ಲೆವೆಲ್ ಎಂಬ ಮಟ್ಟ ಅಳೆಯುವ ಉಪಕರಣ ಬಳಸುತ್ತಿದ್ದರು. ರೈತನಿಗೆ ಐವತ್ತು ಅಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಮತ್ತು ಅಂಗುಲದ ಗುರುತು ಹಾಕಿದ ಎರಡು ಕೋಲು ಸಾಕು. ನಳಿಗೆಯಲ್ಲಿ ನೀರು ತುಂಬಿ, ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ನೋಡಿಕೊಂಡು, ಅದರ ಎರಡು ತುದಿಗಳನ್ನು ಕೋಲುಗಳಿಗೆ ಕಟ್ಟಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತಾಗ ಎರಡೂ ಕೋಲಿನಲ್ಲಿ ನೀರಿನ ಮಟ್ಟ ತೋರಿಸುವ ಅಂಕಿಗಳ ವ್ಯತ್ಯಾಸವೇ ಆ ಎರಡು ಸ್ಥಳಗಳ ಎತ್ತರದ ವ್ಯತ್ಯಾಸ. ನಳಿಗೆಯ ಒಂದು ಭಾಗ ಬಿಸಿಲಿನಲ್ಲಿ, ಇನ್ನೊಂದು ಭಾಗ ನೆರಳಿನಲ್ಲಿ ಬಹಳ ಹೊತ್ತು ಇದ್ದರೆ ಅಳತೆಯಲ್ಲಿ ಸಣ್ಣ ತಪ್ಪು ಬರುತ್ತದೆ. ಈ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಒಳ್ಳೆಯದು.

ಒಡ್ಡಿನಿಂದ ಒಡ್ಡಿಗೆ ಎಷ್ಟು ಅಂತರ ಇರಬೇಕೆಂಬುದಕ್ಕೆ ಆಗಿನ ಎಂಜಿನಿಯರರು ಬಳಸುತ್ತಿದ್ದ ಒಂದು ಸರಳ ಲೆಕ್ಕವಿದೆ. ಶೇಕಡಾ ಇಳಿಜಾರನ್ನು ಮೂರರಿಂದ ಭಾಗಿಸಿ ಎರಡನ್ನು ಕೂಡಿಸಿದರೆ, ಎರಡು ಒಡ್ಡುಗಳ ನಡುವೆ ಇರಬೇಕಾದ ಎತ್ತರದ ವ್ಯತ್ಯಾಸ ಅಡಿಗಳಲ್ಲಿ ಸಿಗುತ್ತದೆ. ಶೇಕಡಾ 3ರ ಇಳಿಜಾರಿಗೆ ಇದು ಮೂರು ಅಡಿ, ಅಂದರೆ ನೆಲದ ಮೇಲೆ ನೂರು ಅಡಿ ದೂರ. ಶೇಕಡಾ 2ಕ್ಕೆ ಸುಮಾರು 133 ಅಡಿ, ಶೇಕಡಾ 1ಕ್ಕೆ ಸುಮಾರು 233 ಅಡಿ. ಹತ್ತಿಪ್ಪತ್ತು ಅಡಿ ಹೆಚ್ಚುಕಡಿಮೆಯಾದರೆ ಕೆಡುಕಿಲ್ಲ, ಆದರೆ ಖರ್ಚು ಉಳಿಸಲೆಂದು ಅಂತರವನ್ನು ಇಮ್ಮಡಿ ಮಾಡಿದರೆ ಮಾತ್ರ ಮೊದಲ ದೊಡ್ಡ ಮಳೆಗೇ ಒಡ್ಡು ಹೋಗುತ್ತದೆ.

ಗುರುತು ಹಾಕುವುದು ಯಾವಾಗಲೂ ದಿಬ್ಬದ ತುದಿಯಿಂದ ಕೆಳಮುಖವಾಗಿ ನಡೆಯಬೇಕು. ಮೇಲಿನ ಒಡ್ಡು ಇಲ್ಲದೆ ಕೆಳಗಿನದನ್ನು ಕಟ್ಟಿದರೆ, ಇಡೀ ದಿಬ್ಬದ ನೀರು ಅದೊಂದರ ಮೇಲೆಯೇ ಬೀಳುತ್ತದೆ. ಮೊದಲ ಒಡ್ಡಿನ ಸ್ಥಳದಲ್ಲಿ ಒಂದು ಗೂಟ ನೆಟ್ಟು, ನಳಿಗೆಯ ಎರಡೂ ಕೋಲುಗಳಲ್ಲಿ ಒಂದೇ ಅಂಕಿ ಬರುವಂತೆ ಮುಂದಿನ ಸ್ಥಳ ಹುಡುಕಿ ಎರಡನೆಯ ಗೂಟ ನೆಡಬೇಕು. ಹೀಗೆ ಹೊಲದ ಅಂಚಿನವರೆಗೆ ಹೋದರೆ ಸಮಪಾತಳಿ ರೇಖೆ ಸಿಗುತ್ತದೆ. ಈ ಗೂಟಗಳ ಸಾಲು ಹಲವು ಕಡೆ ಅಂಕುಡೊಂಕಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಕುಂಟೆ, ಕೂರಿಗೆ ತಿರುಗಿಸುವುದು ಎತ್ತುಗಳಿಗೆ ಕಷ್ಟವಾಗುತ್ತದೆ. ಸಣ್ಣ ತಗ್ಗುಗಳನ್ನು ನೇರವಾಗಿ ದಾಟಿಸಿ ರೇಖೆಯನ್ನು ಸುಗಮಗೊಳಿಸಬಹುದು, ಆದರೆ ಅರ್ಧ ಅಡಿಯಿಂದ ಒಂದು ಅಡಿಗಿಂತ ಆಳದ ತಗ್ಗನ್ನು ಹೀಗೆ ದಾಟಿಸಬಾರದು. ದಾಟಿಸಿದ ಕಡೆಯಲ್ಲೆಲ್ಲ ಒಡ್ಡನ್ನು ಅಷ್ಟೇ ಎತ್ತರಿಸಿ, ಅದರ ತಲೆ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರುವಂತೆ ಮಾಡಬೇಕು. ಒಡೆದ ಒಡ್ಡುಗಳನ್ನು ನೋಡುತ್ತಾ ಹೋದರೆ, ಬಹುಪಾಲು ಒಡೆತ ಇಂಥ ತಗ್ಗಿನ ಜಾಗದಲ್ಲೇ ಆಗಿರುವುದು ಕಾಣುತ್ತದೆ.

ಇಲ್ಲಿಯೇ ಆ ಕಾಲದ ರೈತರ ದೊಡ್ಡ ಆಕ್ಷೇಪವನ್ನೂ ಹೇಳಬೇಕು. ಸಮಪಾತಳಿ ರೇಖೆಗೆ ಹೊಲದ ಸರಹದ್ದು ಗೊತ್ತಿಲ್ಲ. ಅದು ಒಬ್ಬನ ಹೊಲವನ್ನು ಮೂಲೆಯಿಂದ ಮೂಲೆಗೆ ಸೀಳಿಕೊಂಡು ಇನ್ನೊಬ್ಬನ ಹೊಲಕ್ಕೆ ಹೋಗುತ್ತದೆ. ಅನೇಕರು ಇಲಾಖೆಯವರು ಹೋದ ಮೇಲೆ ಆ ಒಡ್ಡನ್ನು ಉತ್ತು ಸಮ ಮಾಡಿದರು, ಅವರ ಅಸಮಾಧಾನದಲ್ಲಿ ನ್ಯಾಯವಿತ್ತು. ನೆರೆಯ ಹೊಲದವರೊಡನೆ ಕೂತು, ನೀರು ಎಲ್ಲಿಂದ ಬಂದು ಯಾರ ಹೊಲದ ಮೂಲಕ ಎಲ್ಲಿಗೆ ಹೋಗಬೇಕೆಂದು ಮೊದಲೇ ಮಾತಾಡಿಕೊಳ್ಳದೆ ಗೂಟ ನೆಡಲು ಹೋಗಬಾರದು.

ಮಸಾರಿ ಮತ್ತು ಗರಸು ನೆಲದ ಒಡ್ಡಿಗೆ ಎರಡು ಅಡಿ ಎತ್ತರ, ತಲೆಯಲ್ಲಿ ಒಂದೂವರೆ ಅಡಿ ಅಗಲ, ಬುಡದಲ್ಲಿ ಏಳೂವರೆ ಅಡಿ ಅಗಲ ಇದ್ದರೆ ಎರಡೂ ಪಕ್ಕಗಳು ಜರಿಯದ ಇಳಿಜಾರಿನಲ್ಲಿ ನಿಲ್ಲುತ್ತವೆ. ಮೊದಲು ಬುಡದ ಜಾಗದ ಹುಲ್ಲು, ಕೊಳೆ ತೆಗೆದು, ನೆಲವನ್ನು ಕೆದರಿ ಒರಟು ಮಾಡಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಹಳೆಯ ನೆಲಕ್ಕೂ ಹೊಸ ಮಣ್ಣಿಗೂ ಬೆಸುಗೆ ಕೂಡದೆ ಅಡಿಯಿಂದ ನೀರು ಜಿನುಗುತ್ತದೆ. ಮಣ್ಣನ್ನು ಮೇಲ್ಮಗ್ಗುಲಿನಿಂದ, ಒಡ್ಡಿನ ಬುಡಕ್ಕೆ ತಾಗದಂತೆ ಒಂದು ಅಡಿ ಜಾಗ ಬಿಟ್ಟು, ಒಂದಡಿಗಿಂತ ಹೆಚ್ಚು ಆಳಕ್ಕಿಳಿಯದೆ ಅಗೆಯಬೇಕು. ಅಗೆದ ಹೊಂಡವನ್ನು ಉದ್ದಕ್ಕೂ ಒಂದೇ ಕಾಲುವೆಯಾಗಲು ಬಿಡದೆ ನಡುನಡುವೆ ಅಗೆಯದ ದಿಂಡು ಉಳಿಸಬೇಕು, ಇಲ್ಲದಿದ್ದರೆ ನೀರು ಅದರಲ್ಲೇ ಓಡಿ ಕೊರಕಲು ಮಾಡುತ್ತದೆ. ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ಹಾಕಿ, ಹೆಂಟೆ ಒಡೆದು, ದಮ್ಮಸಿನಿಂದ ಬಡಿಯಬೇಕು. ಹೊಸ ಮಣ್ಣು ಕುಸಿದು ಕೂರುವುದರಿಂದ ಮೊದಲಿಗೆ ನಾಲ್ಕೈದು ಅಂಗುಲ ಹೆಚ್ಚೇ ಎತ್ತರಿಸಿರಬೇಕು.

ಹೆಚ್ಚಾದ ನೀರಿಗೆ ಕೋಡಿ ಇಲ್ಲದ ಒಡ್ಡನ್ನು ಕಟ್ಟದಿರುವುದೇ ವಾಸಿ. ಕೋಡಿಯ ಹೊಸ್ತಿಲು ನೆಲಮಟ್ಟದಿಂದ ಒಂದು ಅಡಿ ಎತ್ತರದಲ್ಲಿದ್ದು, ಅದರ ಮೇಲೆ ಇನ್ನೊಂದು ಅಡಿ ಒಡ್ಡು ಉಳಿಯಬೇಕು. ಬಿಜಾಪುರ, ಬಾಗಲಕೋಟೆ ಕಡೆಯ ರೈತರು ಇದಕ್ಕೆ ದಪ್ಪ ಕಲ್ಲುಗಳ ಗುಂಡಾವರ್ತಿ ಕಟ್ಟುತ್ತಾ ಬಂದಿದ್ದಾರೆ. ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಕಚ್ಚುವಂತೆ ಜೋಡಿಸಿದ ಈ ಕೋಡಿ ನೀರನ್ನು ಸೋಸಿ ಬಿಟ್ಟು ಮಣ್ಣನ್ನು ಹಿಂದೆ ನಿಲ್ಲಿಸುತ್ತದೆ. ನೀರು ಧುಮುಕುವ ಕೆಳಮಗ್ಗುಲಿಗೆ ಚಪ್ಪಟೆ ಕಲ್ಲುಗಳ ಹಾಸು ಹಾಕುವುದನ್ನು ಮರೆತರೆ ಅಲ್ಲಿ ಗುಂಡಿ ಬಿದ್ದು ಕ್ರಮೇಣ ಇಡೀ ಕಟ್ಟೆಯೇ ಜಾರುತ್ತದೆ.

ಇನ್ನು ಎರೆಯ ವಿಚಾರ. ಶೇಕಡಾ 1ರ ಇಳಿಜಾರಿನಲ್ಲಿ ಒಂದು ಅಡಿ ನೀರು ನಿಂತರೆ ಅದು ಒಡ್ಡಿನಿಂದ ಹಿಂದಕ್ಕೆ ನೂರು ಅಡಿ ಹರಡಿಕೊಳ್ಳುತ್ತದೆ. ಮಸಾರಿಯಲ್ಲಿ ಆ ನೀರು ಬೇಗನೆ ಇಂಗುತ್ತದೆ. ಎರೆಮಣ್ಣು ಮಾತ್ರ ಒಮ್ಮೆ ನೆನೆದು ಉಬ್ಬಿತೆಂದರೆ ಗಂಟೆಗೆ ಕೆಲವೇ ಮಿಲಿಮೀಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ನೂರು ಅಡಿ ಅಗಲದ ಪಟ್ಟಿ ದಿನಗಟ್ಟಲೆ ಜೌಗಾಗಿ ನಿಂತು, ಹಿಂಗಾರಿ ಜೋಳದ ಬಿತ್ತನೆಯ ಹದವೇ ತಪ್ಪಿಹೋಗುತ್ತದೆ. ಇದಲ್ಲದೆ ಎರೆಮಣ್ಣಿನ ಒಡ್ಡು ಬೇಸಿಗೆಯಲ್ಲಿ ಅಡ್ಡಡ್ಡ ಬಿರಿದಿರುತ್ತದೆ, ಮುಂಗಾರಿನ ಮೊದಲ ಜಡಿಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಡ್ಡನ್ನು ಒಳಗಿನಿಂದಲೇ ಕೊರೆಯುತ್ತದೆ. ಬಳ್ಳಾರಿಯ ಸಂಶೋಧನೆ ಸ್ಪಷ್ಟಪಡಿಸಿದ್ದು ಇದನ್ನೇ. ನನ್ನ ದೃಷ್ಟಿಯಲ್ಲಿ ಆ ಅವಧಿಯ ಅತ್ಯಂತ ಬೆಲೆಯುಳ್ಳ ಪಾಠವೂ ಇದೇ, ಏಕೆಂದರೆ ಇಂದಿಗೂ ಎರೆಹೊಲಗಳಲ್ಲಿ ಯಂತ್ರ ತಂದು ಮಟ್ಟಸ ಒಡ್ಡು ಹಾಕಿಸಿ, ಎರಡನೆಯ ವರ್ಷ ಅದನ್ನು ಕಡಿದು ನೀರು ಬಿಡುವುದು ನಡೆದೇ ಇದೆ.

ಆಳವಾದ ಎರೆಗೆ ಹೊಂದುವುದು ತುಸು ವಾಲಿರುವ ಒಡ್ಡು. ಗೂಟ ನೆಡುವಾಗ ನೂರು ಅಡಿಗೆ ಎರಡರಿಂದ ಮೂರು ಅಂಗುಲ ಇಳಿಯುವಂತೆ, ಅಂದರೆ ಐವತ್ತು ಅಡಿಯ ನಳಿಗೆಯಲ್ಲಿ ಸುಮಾರು ಒಂದೂಕಾಲು ಅಂಗುಲದ ವ್ಯತ್ಯಾಸ ಬರುವಂತೆ ರೇಖೆ ಹಿಡಿಯಬೇಕು. ನೀರು ಒಡ್ಡಿನ ಗುಂಟ ನಿಧಾನವಾಗಿ ನಡೆದು ಹೊಲದ ಒಂದು ಬದಿಗೆ ಬರುತ್ತದೆ. ಅಲ್ಲಿ ಆಳವಿಲ್ಲದ, ಅಗಲವಾದ ಹುಲ್ಲುಗಾಲುವೆ ಮೊದಲೇ ಸಿದ್ಧವಾಗಿರಬೇಕು, ಮತ್ತು ಅದರಲ್ಲಿ ಕರಿಕೆ (ಗರಿಕೆ ಹುಲ್ಲು) ಒತ್ತಾಗಿ ಹಬ್ಬಿದ ಮೇಲೆಯೇ ಒಡ್ಡಿನ ನೀರನ್ನು ಅದಕ್ಕೆ ಬಿಡಬೇಕು. ಹೊಲದೊಳಗೆ ರೈತನ ಬೆನ್ನು ಮುರಿಸುವ ಕರಿಕೆ, ಕಾಲುವೆಯಲ್ಲಿ ಮಣ್ಣು ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮೇಲು. ಬೇಸಿಗೆಯ ಕೊನೆಯಲ್ಲಿ, ಮಳೆ ಬರುವ ಮುನ್ನ, ಒಡ್ಡಿನ ಮೈಯನ್ನು ಕೆದರಿ ಪುಡಿಮಣ್ಣಿನಿಂದ ಬಿರುಕುಗಳನ್ನು ತುಂಬಿ ಬಡಿಯುವ ಕೆಲಸ ಪ್ರತಿವರ್ಷ ತಪ್ಪಬಾರದು.

ಒಡ್ಡುಗಳ ನಡುವಿನ ನೆಲದಲ್ಲಿ ಮಳೆಹನಿ ಬಿದ್ದ ಜಾಗದಲ್ಲೇ ಇಂಗದಿದ್ದರೆ ಒಡ್ಡಿನ ಮೇಲಿನ ಭಾರ ಇಳಿಯುವುದಿಲ್ಲ. ಸೊಲ್ಲಾಪುರ, ಬಿಜಾಪುರದ ಕೇಂದ್ರಗಳ ಪ್ರಯೋಗಗಳಿಂದ ರೂಪುಗೊಂಡ ಒಣಬೇಸಾಯ ಪದ್ಧತಿಯ ಸಾರವೂ ಇದೇ. ಮೂರು ವರ್ಷಕ್ಕೊಮ್ಮೆ ಕಬ್ಬಿಣದ ನೇಗಿಲಿನಿಂದ ಆಳವಾದ ಉಳುಮೆ ಮಾಡಿ, ಅದೇ ವರ್ಷ ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ಮಳೆ ಬಿಡುವು ಕೊಟ್ಟಾಗಲೆಲ್ಲ ಕುಂಟೆ ಹೊಡೆದು ಕಳೆ ಕೊಲ್ಲಬೇಕು ಮತ್ತು ಮೇಲ್ಮೈ ಸಡಿಲವಾಗಿಡಬೇಕು. ಬೀಜ ಕಡಿಮೆ ಹಾಕಿ, ಸಾಲಿನಿಂದ ಸಾಲಿಗೆ 18 ಅಂಗುಲ ಬಿಟ್ಟು ಬಿತ್ತಬೇಕು. ಮಾಲದಂಡಿ ಜೋಳ ತೆನೆಗೆ ಬರುವವರೆಗೂ ಮೂರು ನಾಲ್ಕು ಸಲ ಸಾಲುಗಳ ನಡುವೆ ಎಡೆ ಹೊಡೆಯಬೇಕು. ಕೊನೆಯ ಎಡೆಯ ಉದ್ದೇಶ ಕಳೆ ತೆಗೆಯುವುದಕ್ಕಿಂತ ಬಿರುಕು ಮುಚ್ಚುವುದೇ ಆಗಿದೆ, ಏಕೆಂದರೆ ಮಣ್ಣಿನಾಳದ ಹಸಿ ಆ ಬಿರುಕುಗಳಿಂದಲೇ ಆರಿಹೋಗುತ್ತದೆ. ಉಳುಮೆ, ಬಿತ್ತನೆ, ಎಡೆ ಎಲ್ಲವೂ ಒಡ್ಡಿಗೆ ಸಮನಾಗಿ, ಇಳಿಜಾರಿಗೆ ಅಡ್ಡಲಾಗಿ ನಡೆಯಬೇಕು. ಉದ್ದುದ್ದ ಎಳೆದ ಒಂದೊಂದು ಕೂರಿಗೆ ಸಾಲೂ ನೀರಿಗೆ ದಾರಿಯಾಗುತ್ತದೆ. ಮುಂಗಾರಿನಲ್ಲಿ ಪಾಳು ಬಿಟ್ಟು ಹಿಂಗಾರಿಗೆ ಬಿತ್ತುವ ಹೊಲದಲ್ಲಿ ಚೌಕು ಮಡಿ (ಸಣ್ಣ ಬದು ಹಾಕಿ ವಿಂಗಡಿಸಿದ ಚೌಕಗಳು) ಮಾಡಿದರೆ ಸಣ್ಣ ಮಳೆಯೂ ಹೊಲದಲ್ಲೇ ಉಳಿಯುತ್ತದೆ. ಮಸಾರಿಯಲ್ಲಿ ಜೋಳ, ಸಜ್ಜೆಯ ಪಟ್ಟಿಗಳ ನಡುವೆ ಶೇಂಗಾ, ಹುರುಳಿ, ಮಡಿಕೆಯಂಥ ನೆಲ ಮುಚ್ಚುವ ಬೆಳೆಗಳ ಪಟ್ಟಿ ಇಟ್ಟರೆ ಹರಿಯುವ ನೀರಿನ ವೇಗ ಅಲ್ಲಿಯೇ ಮುರಿಯುತ್ತದೆ.

ಒಡ್ಡಿನ ಮೇಲೆ ಹುಲ್ಲು ಹಾಕುವುದನ್ನು ಮುಂದೂಡಬಾರದು. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಅಂಚಿಗೆ ತಲೆಮಾರುಗಳಿಂದ ಲಾವಂಚ ನೆಡುತ್ತಿದ್ದರು, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಅದನ್ನು ಕಂಡು ಬೇರೆ ದೇಶಗಳಿಗೂ ಶಿಫಾರಸು ಮಾಡಿದರು. ಲಾವಂಚದ ಬೇರು ಅಗಲಕ್ಕೆ ಹಬ್ಬದೆ ನೇರ ಕೆಳಗಿಳಿಯುವುದರಿಂದ ಪಕ್ಕದ ಬೆಳೆಗೆ ತೊಂದರೆ ಕಡಿಮೆ. ಮಳೆಗಾಲದ ಆರಂಭದಲ್ಲಿ ಸೀಳಿದ ಬುಡಗಳನ್ನು ಐದಾರು ಅಂಗುಲ ಅಂತರದಲ್ಲಿ ಒತ್ತಾಗಿ ನೆಟ್ಟು, ಸತ್ತ ಕಡೆ ಮರುವರ್ಷ ತುಂಬಬೇಕು. ನಡುವೆ ಸಂದು ಉಳಿದರೆ ನೀರು ಅಲ್ಲಿಯೇ ನುಗ್ಗುತ್ತದೆ.

ಉಳದ ನೆಲಕ್ಕೂ ಇಷ್ಟೇ ಕಾಳಜಿ ಬೇಕು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಭಾಗದ ಅಮೃತಮಹಲ್ ಕಾವಲುಗಳನ್ನು (ಅಮೃತಮಹಲ್ ತಳಿಯ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳನ್ನು) ಹಳೆಯ ಮೈಸೂರಿನಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದರು. ಹುಲ್ಲಿಗೆ ಬೀಜ ಕಟ್ಟಲು ಬಿಡುವು ಸಿಗುತ್ತಿದ್ದದ್ದು ಈ ಕ್ರಮದಿಂದಲೇ. ಆಹಾರ ಬೆಳೆಯ ವಿಸ್ತರಣೆಗಾಗಿ ಕಾವಲುಗಳ ದೊಡ್ಡ ಭಾಗ ಉಳುಮೆಗೆ ಹೋದಾಗ ಉಳಿದ ತುಂಡಿನ ಮೇಲೆ ದನಗಳ ಒತ್ತಡ ಹೆಚ್ಚಿತು. ಊರಿನ ಗೋಮಾಳವನ್ನೋ ಹುಲ್ಲು ಬೆಳೆಯುವ ಸ್ವಂತ ಬೀಡನ್ನೋ ಸರಿಪಡಿಸಬೇಕೆಂದಿರುವವರು ಮೊದಲು ಅದನ್ನು ಮೂರು ನಾಲ್ಕು ಪಾಲು ಮಾಡಿ, ಪ್ರತಿವರ್ಷ ಒಂದು ಪಾಲನ್ನು ಮಳೆಗಾಲ ಪೂರ್ತಿ ಮುಚ್ಚಬೇಕು. ಬೇರು ಉಳಿದಿರುವ ಕಡೆ ಬಿತ್ತನೆಯೇ ಬೇಕಾಗುವುದಿಲ್ಲ. ಪೂರ್ತಿ ಬರಡಾದ ಕಡೆ ಇಳಿಜಾರಿಗೆ ಅಡ್ಡಲಾಗಿ ಸಣ್ಣ ಸಾಲು ತೆಗೆದು, ಸಾಲಿನ ಬದಿಗೆ ಅಂಜನ್ ಹುಲ್ಲಿನ ಬೀಜ ಉದುರಿಸಬೇಕು. ಆ ಬೀಜ ತುಪ್ಪಳದಂತೆ ಹಗುರವಾಗಿದ್ದು ಗಾಳಿಗೆ ಹಾರುವುದರಿಂದ ಹಸಿಮಣ್ಣಿನೊಡನೆ ಕಲಸಿ ಹಾಕಬೇಕು, ಮೇಲೆ ಅರ್ಧ ಅಂಗುಲಕ್ಕಿಂತ ಹೆಚ್ಚು ಮಣ್ಣು ಬೀಳಬಾರದು. ಆಗಷ್ಟೇ ಕೊಯ್ದ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದನ್ನು ಬಳಸಬೇಕು. ಮೊದಲ ವರ್ಷ ಅಲ್ಲಿಗೆ ದನ ಬಿಡದೆ, ಬೀಜ ಉದುರಿದ ನಂತರ ಹುಲ್ಲನ್ನು ಕೊಯ್ದು ಮನೆಗೆ ತರಬೇಕು. ಕೊಯ್ಯುವಾಗ ಬುಡದಲ್ಲಿ ನಾಲ್ಕೈದು ಅಂಗುಲ ಬಿಟ್ಟರೆ ಬುಡವೇ ಮಣ್ಣನ್ನು ಹಿಡಿದುಕೊಂಡಿರುತ್ತದೆ. ಎರಡನೆಯ ಮಳೆಗಾಲದ ನಂತರ ದನ ಬಿಡಬಹುದು, ಆದರೆ ನೆಲ ಒದ್ದೆಯಾಗಿರುವ ದಿನಗಳಲ್ಲಿ ಬಿಡಬಾರದು, ಗೊರಸಿನ ತುಳಿತಕ್ಕೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ.