ಎಕ್ಸ್‌ಪಿ ಎಸೆಯದೆ ಲೈನ್ ಉಳಿಸಿದ್ದು

ಮೈಸೂರಿನ ಹೂಟಗಳ್ಳಿ ಕಡೆಯ ಒಂದು ಪ್ಯಾಕಿಂಗ್ ಲೈನ್. ಮಷೀನ್ ನಡೆಸುವ ಕಂಟ್ರೋಲರ್ ಎಸ್7-300 ಪಿಎಲ್‌ಸಿ, ಅದಕ್ಕೆ ಪ್ರೊಫಿಬಸ್ ಕೇಬಲ್‌ನಲ್ಲಿ ಜೋಡಿಸಿದ ಪಿಸಿಯಲ್ಲಿ ಆಪರೇಟರ್ ಸ್ಕ್ರೀನ್‌ಗಳ ಸಾಫ್ಟ್‌ವೇರ್ ವಿನ್‌ಸಿಸಿ, ಅದು ಓಡುವುದು ವಿಂಡೋಸ್ ಎಕ್ಸ್‌ಪಿ ಮೇಲೆ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿತು. ಪೂರ್ತಿ ಬದಲಾಯಿಸೋಕೆ ಸಪ್ಲೈಯರ್ ಕೊಟ್ಟ ಕೊಟೇಶನ್ ₹18 ಲಕ್ಷದ ಆಸುಪಾಸು. ಒಂದೂವರೆ ಲಕ್ಷದೊಳಗೆ ಮುಗಿಸ್ತೀನಿ ಅಂದೆ. "ಎಕ್ಸ್‌ಪಿ ಇಟ್ಕೊಂಡು ಸೆಕ್ಯೂರಿಟಿನಾ ಸಾರ್?" ಅಂತ ಐಟಿಯವರು ನಕ್ಕರು. ಎರಡು ಮಳೆಗಾಲ ಕಳೆಯಿತು, ಲೈನ್ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆಯೋದು ಯಾರಾದರೂ ಮಾಡ್ತಾರೆ. ಅದು ಬೇರೆ ಪಿಸಿಯಲ್ಲಿ ಎದ್ದು ನಿಲ್ಲಬೇಕಲ್ವಾ? ಹೊಸ ಪಿಸಿಗೆ ಹಾಕಿದರೆ ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನೋ 7ಬಿ ಬ್ಲೂ ಸ್ಕ್ರೀನ್. ಡಿಸ್ಕಿನ ಹೊಸ ಮೋಡ್ ಎಎಚ್‌ಸಿಐಗೆ ಎಕ್ಸ್‌ಪಿ ಜೊತೆ ಡ್ರೈವರ್ ಬರೋದಿಲ್ಲ, ಆ ಬೋರ್ಡ್‌ನಲ್ಲಿ ಹಳೆಯ ಐಡಿಇ ಮೋಡ್ ಇಲ್ಲ. ಆಮೇಲೆ ವಿಎಂವೇರ್ ವರ್ಕ್‌ಸ್ಟೇಷನ್, ಅಂದರೆ ಪಿಸಿಯೊಳಗೆ ಸಾಫ್ಟ್‌ವೇರ್‌ನಲ್ಲೇ ಇನ್ನೊಂದು ಪಿಸಿ (ವಿಎಂ). ಲಾಗಿನ್ ಬಂತು, ಸ್ಕ್ರೀನ್‌ಗಳೆಲ್ಲ ಬಂದವು, ಪಿಎಲ್‌ಸಿ ಮಾತ್ರ ಸಿಗಲಿಲ್ಲ. ಪ್ರೊಫಿಬಸ್‌ಗೆ ಜೋಡಿಸುವುದು ಸಿಪಿ5611 ಪಿಸಿಐ ಕಾರ್ಡು, ವಿಎಂ ಒಳಗಿನಿಂದ ಅದು ಕಾಣೋದೇ ಇಲ್ಲ. ಇಷ್ಟರಲ್ಲಿ ₹30 ಸಾವಿರ ಹೋಗಿತ್ತು. ಕೊನೆಗೆ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಿಸಿಐ ಸ್ಲಾಟ್ ಇರುವ ಹಳೆಯ ಇಂಡಸ್ಟ್ರಿಯಲ್ ಬೋರ್ಡ್ ಎರಡು ಸಿಕ್ಕವು, ಒಂದಕ್ಕೆ ಒಂಬತ್ತು ಸಾವಿರ. ಹಳೆಯ ಇಮೇಜನ್ನು ರೀಇನ್‌ಸ್ಟಾಲ್ ಮಾಡದೆ ಅದರ ಮೇಲೆ ಹೇಗೆ ಎಬ್ಬಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಜಾಸ್ತಿ ಟೈಮ್ ತಿಂದದ್ದು ಪಿಎಲ್‌ಸಿ ಪ್ರೋಗ್ರಾಂ. ಬೀರುವಿನಲ್ಲಿದ್ದ ಸಿಡಿಗೂ ಪಿಎಲ್‌ಸಿಯ ಸಿಪಿಯು ಒಳಗಿರುವುದಕ್ಕೂ ಕಂಪೇರ್ ಹಾಕಿದರೆ ಹತ್ತು ಹನ್ನೆರಡು ಬ್ಲಾಕ್ ಬೇರೆ. ನೈಟ್ ಶಿಫ್ಟ್‌ನಲ್ಲಿ ಯಾರೋ ಟೈಮರ್ ಬದಲಿಸಿದ್ದಾರೆ, ಯಾರೋ ಸೆನ್ಸರ್ ಬೈಪಾಸ್ ಮಾಡಿದ್ದಾರೆ. ಸಿಪಿಯುನಿಂದ ಪಿಸಿಗೆ ಅಪ್‌ಲೋಡ್ ಮಾಡಿದರೆ ಸಿಂಬಲ್ಲೂ (ಇಟ್ಟ ಹೆಸರುಗಳು) ಬರಲ್ಲ, ಕಮೆಂಟೂ ಬರಲ್ಲ. ರಿಟೈರ್ ಆಗುವ ಹಂತದಲ್ಲಿದ್ದ ಎಲೆಕ್ಟ್ರಿಷಿಯನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ಬರೆದುಕೊಂಡೆ. ಬೈಪಾಸ್ ಆದ ಒಂದು ಸೆನ್ಸರ್ ಮಷೀನಿನ ಗಾರ್ಡ್ ಬಾಗಿಲಿನದು, ಬಾಗಿಲು ತೆರೆದರೆ ಮಷೀನ್ ನಿಲ್ಲಿಸಬೇಕಾದದ್ದು! ಈ ಕೆಲಸಕ್ಕೆ ಯಾವ ಕೊಟೇಶನ್‌ನಲ್ಲೂ ದುಡ್ಡು ಇಡುವುದಿಲ್ಲ.

ಬದಲಾವಣೆಗೆಲ್ಲ ಆಯುಧಪೂಜೆಯ ರಜೆ ಹಿಡಿದೆ. ಮೈಸೂರಿನಲ್ಲಿ ಮ್ಯಾನೇಜರ್ ತಕರಾರಿಲ್ಲದೆ ಲೈನ್ ನಿಲ್ಲಿಸೋದು ಆಗ ಮಾತ್ರ. ಆಫೀಸಿಗೂ ಲೈನ್‌ಗೂ ಒಂದೇ ನೆಟ್‌ವರ್ಕ್ ಇತ್ತು. ನಡುವೆ ಏಳು ಸಾವಿರದ ಮೈಕ್ರೋಟಿಕ್ ರೌಟರ್ ಕೂರಿಸಿ, ಫೈಲ್ ಶೇರಿಂಗಿನ 445 ಪೋರ್ಟ್ ಎರಡೂ ಕಡೆ ಮುಚ್ಚಿದೆ. 2017ರಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವನ್ನಾಕ್ರೈ ಹರಡಿದ್ದು ಆ ದಾರಿಯಲ್ಲೇ. ಆಗ ಎಕ್ಸ್‌ಪಿಗೂ ಬಂದ ಪ್ಯಾಚ್ ಈ ಪಿಸಿಗೆ ಬಿದ್ದೇ ಇರಲಿಲ್ಲ, ಹಾಕಿದೆ. ಶೇರ್ಡ್ ಫೋಲ್ಡರ್‌ನಲ್ಲಿ ರಿಪೋರ್ಟ್ ನೋಡುತ್ತಿದ್ದವರು ಒಂದು ವಾರ ಗೊಣಗಿದರು. ಆ್ಯಂಟಿವೈರಸ್ ಕಿತ್ತು ಹಾಕಿ, ಸಾಫ್ಟ್‌ವೇರ್ ರಿಸ್ಟ್ರಿಕ್ಷನ್ ಪಾಲಿಸಿಯಲ್ಲಿ ಬೇಕಾದ ಪ್ರೋಗ್ರಾಂ ಬಿಟ್ಟು ಬೇರೇನೂ ಓಡದ ಹಾಗೆ ಮಾಡಿದೆ. ಅಪ್‌ಡೇಟ್ ಬಾರದ ಆ್ಯಂಟಿವೈರಸ್ ಸುಮ್ನೆ ಭಾರ.

ಯುಎಸ್‌ಬಿ ಬಗ್ಗೆ ಎಷ್ಟು ಸರ್ಕ್ಯುಲರ್ ಅಂಟಿಸಿದ್ದರೋ! ಹುಡುಗರು ಪೆನ್‌ಡ್ರೈವ್ ತರುತ್ತಿರಲಿಲ್ಲ, ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದರು. ಪ್ಯಾನೆಲ್ ಪಕ್ಕ ಆರುನೂರು ರೂಪಾಯಿಯ ಚಾರ್ಜಿಂಗ್ ಬೋರ್ಡ್ ಹಾಕಿಸಿ, ಪೋರ್ಟ್‌ಗಳಿಗೆ ಬೀಗ ಜಡಿದೆ. ಯಾರೂ ಕೇಳಲೇ ಇಲ್ಲ. ಪ್ಯಾನೆಲ್ ಹಿಂದೆ ಸಪ್ಲೈಯರ್ ಬಿಟ್ಟುಹೋದ 4ಜಿ ಮೋಡೆಮ್ ಕೂಡ ಇತ್ತು, ಹಗಲೂ ರಾತ್ರಿ ಆನ್. ಅದರ ಪವರನ್ನು ಕೀ ಸ್ವಿಚ್ ಮತ್ತು ಟೈಮರ್ ಮೂಲಕ ಕೊಟ್ಟೆ. ಎರಡು ಗಂಟೆ ಆದರೆ ತಾನೇ ಆಫ್. ಕೀಲಿ ಶಿಫ್ಟ್ ಇನ್‌ಚಾರ್ಜ್ ಹತ್ತಿರ.

ನಡುವೆ ಒಂದು ಆಟವನ್ನೂ ಆಡಿದೆ. ನೆಟ್‌ವರ್ಕ್ ಸ್ವಿಚ್‌ನ ಮಿರರ್ ಪೋರ್ಟ್‌ಗೆ (ಹಾದುಹೋಗುವ ಡೇಟಾದ ನಕಲು ಬರುವ ಕಡೆ) ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಸಿಕ್ಕಿಸಿ ಸುಮ್ಮನೆ ಕೇಳಿಸಿಕೊಂಡೆ. ವಿಷನ್ ಕ್ಯಾಮೆರಾ ಒಂದು ನಿಮಿಷಕ್ಕೊಮ್ಮೆ ಇಂಟರ್‌ನೆಟ್‌ನಲ್ಲಿ ಟೈಮ್ ಸರ್ವರ್ ಹುಡುಕುತ್ತಿತ್ತು. ಅದೇ ಪೈ ಈಗ ಲಾಗ್ ಇಡುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಲಾಗ್ 180 ದಿನ ಇಡಬೇಕು ಅಂದಿದೆಯಲ್ಲ, ಆ ಕಾಗದ ತೋರಿಸಿಯೇ ದುಡ್ಡು ಪಾಸ್ ಮಾಡಿಸಿದ್ದು. ನಂತರ ಆಡಿಟ್‌ಗೆ ಬಂದವರು ನನ್ನ ಮಾತು ಕೇಳದೆ ಒಂದೊಂದು ಪೋರ್ಟನ್ನೂ ತಟ್ಟಿ ನೋಡುವ ಎನ್‌ಮ್ಯಾಪ್ ಸ್ಕ್ಯಾನರ್ ಓಡಿಸಿದರು. ಹಳೆಯ ಬಾರ್‌ಕೋಡ್ ರೀಡರ್ ಹ್ಯಾಂಗ್ ಆಯಿತು. ಲೈನ್‌ನಲ್ಲಿ ಕೇಳಿಸಿಕೊಳ್ಳಬೇಕು, ತಟ್ಟಿ ನೋಡಬಾರದು.

ಹೋದ ಜೂನ್‌ನಲ್ಲಿ ಕರೆಂಟ್ ಹೋಗಿ ಬಂದಾಗ ಪಿಸಿಯ ಡಿಸ್ಕ್ ಸತ್ತಿತು. ಸ್ಪೇರ್ ಹಾಕಿ ಮುಕ್ಕಾಲು ಗಂಟೆಯಲ್ಲಿ ಲೈನ್ ಶುರು. ಹಿಂದೊಮ್ಮೆ ಹೀಗೇ ಆದಾಗ ಎರಡು ದಿನ ನಿಂತಿತ್ತು. ಒಟ್ಟು ಖರ್ಚು, ಹಾಳಾದ ದುಡ್ಡೂ ಸೇರಿ, ₹1.4 ಲಕ್ಷದ ಹತ್ತಿರ. ಈಗ ಪಕ್ಕದ ವಿಂಡೋಸ್ 7 ಲೈನನ್ನೂ ನನಗೇ ಕೊಟ್ಟಿದ್ದಾರೆ. ಅಲ್ಲಿ ಪಿಸಿಐ ಕಾರ್ಡ್ ಇಲ್ಲ, ಎಲ್ಲ ಈಥರ್‌ನೆಟ್. ವಿಎಂ ಈ ಸಲ ನಡೆಯುತ್ತದೆ.